ಹಳೆಯ ಎಂಜಿನ್‌ಗಳು ಗುಜರಿ ಪಾಲಾಗದಿರಲಿ

ಹಳ್ಳಿಗಳಿಗೆ ವಿದ್ಯುತ್ ಬರುವ ಮೊದಲು ಬಾವಿಯಿಂದ ನೀರೆತ್ತಲು, ಕಬ್ಬಿನ ಗಾಣ ಮತ್ತು ಹಿಟ್ಟಿನ ಗಿರಣಿ ನಡೆಸಲು ನೆರವಾದ ಹಳೆಯ ಡೀಸೆಲ್ ಎಂಜಿನ್‌ಗಳು ಇಂದು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿರುವುದು ವಿಷಾದದ ಸಂಗತಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದ್ದು 1903ರಲ್ಲಿ. ಕೃಷಿ ಯಂತ್ರಗಳ ಚರಿತ್ರೆ ನಮ್ಮ ನಾಡಿಗೆ ಹೊರಗಿನದೇನಲ್ಲ. ಮೈಸೂರಿನಲ್ಲಿ ರೈಲು ಎಂಜಿನ್‌ಗಳಿಗಾಗಿ 1979ರಲ್ಲೇ ವಸ್ತುಸಂಗ್ರಹಾಲಯ ತೆರೆಯಿತು, ರೈತನ ಎಂಜಿನ್‌ಗೆ ಮಾತ್ರ ಅಷ್ಟು ಗಮನ ದೊರೆತಿಲ್ಲ.

ಉಳಿಸಬೇಕಾದದ್ದು ಕಬ್ಬಿಣವನ್ನಷ್ಟೇ ಅಲ್ಲ. ಸಿಲಿಂಡರಿನ ಒತ್ತಡ ಬಿಡಿಸಿ, ಹ್ಯಾಂಡಲ್ ಹಾಕಿ ಭಾರದ ಫ್ಲೈವೀಲನ್ನು ವೇಗವಾಗಿ ತಿರುಗಿಸಿ, ಸರಿಯಾದ ಕ್ಷಣದಲ್ಲಿ ಲಿವರ್ ಬಿಟ್ಟು ಎಂಜಿನ್ ಚಾಲೂ ಮಾಡುವ ಹಾಗೂ ಅದರ ಸದ್ದಿನಿಂದಲೇ ದೋಷ ಗುರುತಿಸುವ ಕೌಶಲವು ಹಳೆಯ ಮೆಕ್ಯಾನಿಕ್‌ಗಳೊಂದಿಗೇ ಮರೆಯಾಗುತ್ತಿದೆ. ಬ್ರಿಟನ್ನಿನ ಉಗಿ ಎಂಜಿನ್ ಆಸಕ್ತರು 1954ರಲ್ಲೇ ಸಂಘ ಕಟ್ಟಿಕೊಂಡಿದ್ದು, ಅಲ್ಲಿನ ಮೇಳಗಳಲ್ಲಿ ಹಳೆಯ ಯಂತ್ರಗಳನ್ನು ಓಡಿಸಿಯೇ ತೋರಿಸುತ್ತಾರೆ.

ನಮ್ಮಲ್ಲೂ ಯಂತ್ರಗಳ ಮಾಲೀಕರು, ನಿವೃತ್ತ ಮೆಕ್ಯಾನಿಕ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳು ಸೇರಿ ತಾಲ್ಲೂಕು ಮಟ್ಟದಲ್ಲಿ ಇಂತಹ ಸಂಘಗಳನ್ನು ರಚಿಸಿಕೊಳ್ಳಬಹುದು. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ತಮ್ಮ ಕೃಷಿ ಮೇಳಗಳಲ್ಲಿ ಈ ಸಂಘಗಳಿಗೆ ಶುಲ್ಕವಿಲ್ಲದೆ ಒಂದು ಮಳಿಗೆ ನೀಡಿ, ಪ್ರತಿ ಯಂತ್ರದ ತಯಾರಕರು, ಅಶ್ವಶಕ್ತಿ ಹಾಗೂ ಬಳಕೆಯಾದ ಊರಿನ ವಿವರಗಳನ್ನು ದಾಖಲಿಸಬೇಕು. ದುರಸ್ತಿಯ ಉತ್ಸಾಹದಲ್ಲಿ ತಯಾರಕರ ಫಲಕದ ಮೇಲೆ ಬಣ್ಣ ಬಳಿಯದಂತೆಯೂ (ಇದು ಸಾಮಾನ್ಯವಾಗಿ ಆಗುವ ಅನಾಹುತ) ಮಾಲೀಕರಿಗೆ ತಿಳಿಸಬೇಕು.

– ಓರ್ವ ಕೃಷಿಕ, ಮದ್ದೂರು ತಾಲ್ಲೂಕು