ಮಗಳಿಗೊಂದು ಪತ್ರ: ಬಣ್ಣಕ್ಕೂ ಮೊದಲು ಹೆಜ್ಜೆ

ಪುಟ್ಟಿ,

ನಾಟಕದಲ್ಲಿ ನಿನಗೆ ಎಪ್ಪತ್ತರ ಅಜ್ಜಿಯ ಪಾತ್ರ ಸಿಕ್ಕಿದ ಸುದ್ದಿ ಓದಿ ತುಂಬ ಖುಷಿಯಾಯಿತು. ವಿಗ್ ಎಲ್ಲಿ ಸಿಗುತ್ತೆ, ಸುಕ್ಕಿನ ಗೆರೆ ಹೇಗೆ ಎಳೆಯಬೇಕು ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೂ ಮೊದಲು ಅಲೆಕ್ ಗಿನ್ನೆಸ್ ಎಂಬ ಇಂಗ್ಲಿಷ್ ನಟನ ಸಿನಿಮಾಗಳನ್ನು ಬಿಡುಗಡೆಯಾದ ಕ್ರಮದಲ್ಲೇ ನೋಡು.

1946ರ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಆತ ನಗುಮುಖದ ಹುಡುಗ. ಎರಡೇ ವರ್ಷದ ಮೇಲೆ, 1948ರ 'ಆಲಿವರ್ ಟ್ವಿಸ್ಟ್'ನಲ್ಲಿ ಹುಡುಗರಿಂದ ಕಳ್ಳತನ ಮಾಡಿಸುವ ಯಹೂದಿ ಮುದುಕ ಫೇಗಿನ್. ಈ ಪಾತ್ರ ಆತನಿಗೆ ಕೊಡಲು ನಿರ್ದೇಶಕ ಡೇವಿಡ್ ಲೀನ್‌ಗೆ ಮೊದಲು ಮನಸ್ಸಿರಲಿಲ್ಲ. ಗಿನ್ನೆಸ್ ವೇಷ ಹಾಕಿಕೊಂಡೇ ಬಂದು ನಿಂತಾಗ ಒಪ್ಪಿದ. ಹಳೆಯ ಪುಸ್ತಕದ ಚಿತ್ರಗಳನ್ನು ನೋಡಿ ಅಂಟಿಸಿದ ಆ ದೊಡ್ಡ ಮೂಗು ಯಹೂದಿಗಳನ್ನು ಹೀಯಾಳಿಸುವಂತಿದೆ ಎಂಬ ಆಕ್ಷೇಪ ಎದ್ದು, ಅಮೆರಿಕದಲ್ಲಿ 1951ರವರೆಗೆ ಚಿತ್ರ ತೆರೆ ಕಾಣಲಿಲ್ಲ. ಆಮೇಲೂ ಕತ್ತರಿ ಬಿತ್ತು. ಆ ಆಕ್ಷೇಪ ನ್ಯಾಯವಾದದ್ದೇ. ಮೂಗು ಮುಂದೆ ಬಂದರೆ ಮನುಷ್ಯ ಹಿಂದೆ ಸರಿಯುತ್ತಾನೆ.

1949ರ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್'ನಲ್ಲಿ ಒಂದೇ ಮನೆತನದ 8 ಜನ ಆತನೇ, ಒಬ್ಬ ಹೆಂಗಸೂ ಸೇರಿ. ಚರ್ಚಿನ ದೃಶ್ಯದಲ್ಲಿ ಅವರಲ್ಲಿ 6 ಮಂದಿ ಒಂದೇ ಚೌಕಟ್ಟಿನಲ್ಲಿ ಕೂತಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾವನ್ನು ಕದಲದಂತೆ ಬಿಗಿದು, ಲೆನ್ಸಿನ ಮುಂದೆ ಒಬ್ಬ ಕೂರುವಷ್ಟು ಜಾಗ ಮಾತ್ರ ಬಿಟ್ಟು ಉಳಿದದ್ದನ್ನು ಕಪ್ಪಾಗಿ ಮುಚ್ಚುತ್ತಿದ್ದರು. ಅಷ್ಟು ಚಿತ್ರಿಸಿ ಫಿಲ್ಮನ್ನು ಮೊದಲಿನ ಜಾಗಕ್ಕೆ ಹಿಂದಕ್ಕೆ ಸುತ್ತುವುದು. ಗಿನ್ನೆಸ್ ವೇಷ ಬದಲಿಸಿ ಪಕ್ಕದ ಜಾಗದಲ್ಲಿ ಕೂರುವುದು. ಮತ್ತೆ ಅದೇ ಫಿಲ್ಮ್ ಓಡಿಸುವುದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಅಂಚುಗಳು ಕೂಡದೆ ಎಲ್ಲವೂ ಹಾಳು. ಅದಕ್ಕೇ ಛಾಯಾಗ್ರಾಹಕ ಡಗ್ಲಸ್ ಸ್ಲೋಕೋಂಬ್ ರಾತ್ರಿ ಕ್ಯಾಮೆರಾದ ಹತ್ತಿರವೇ ಮಲಗಿದ.

ನೀನು ಎರಡು ಸಲ ನೋಡಬೇಕಾದದ್ದು 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಅದರಲ್ಲಿ ಗಿನ್ನೆಸ್ ಜಪಾನಿಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್. ಶಿಕ್ಷೆಗೆಂದು ಕೂಡಿಹಾಕಿದ್ದ ಕಾದ ತಗಡಿನ ಗೂಡಿನಿಂದ ಕರ್ನಲ್ ಹೊರಬಂದು ಜಪಾನಿ ಅಧಿಕಾರಿಯ ಬಳಿಗೆ ನಡೆಯುವ ದೃಶ್ಯ. ಕಾಲು ಮಾತು ಕೇಳುತ್ತಿಲ್ಲ, ಬೆನ್ನು ಮಾತ್ರ ಬಾಗಲು ಒಪ್ಪುತ್ತಿಲ್ಲ. ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದ ತನ್ನ ಮಗನ ನಡಿಗೆಯನ್ನು ಗಿನ್ನೆಸ್ ಅಲ್ಲಿಗೆ ತಂದದ್ದು. ಮಾತೇ ಇಲ್ಲ, ಆದರೂ ಕರ್ನಲ್‌ನ ಹಟ ಪೂರ್ತಿ ಗೊತ್ತಾಗುತ್ತದೆ. ಈ ಪಾತ್ರಕ್ಕೆ ಆಸ್ಕರ್ ಬಂತು. ಪಾತ್ರದ ನಡಿಗೆ ಸಿಕ್ಕಿದರೆ ಉಳಿದದ್ದು ಹಿಂದೆಯೇ ಬರುತ್ತದೆ ಎಂಬುದು ಆತ ನಂಬಿದ್ದ ಕ್ರಮ.

1979ರ ಬಿಬಿಸಿ ಧಾರಾವಾಹಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಹೊತ್ತಿಗೆ ಆತನಿಗೆ 65. ಗೂಢಚಾರ ಸ್ಮೈಲಿಗೆ ದಪ್ಪ ಕನ್ನಡಕ, ಕೋಟು, ಅಷ್ಟೇ. ಎದುರಿನವನು ಮಾತಾಡುವಾಗ ಸುಮ್ಮನೆ ಕೇಳುತ್ತಾ ಕೂರುತ್ತಾನೆ. ನಮ್ಮ ಕಣ್ಣು ಅವನ ಮೇಲಿಂದ ಕದಲುವುದಿಲ್ಲ. ನನಗೆ ಆತನ ಕೆಲಸದಲ್ಲೆಲ್ಲ ಇದೇ ಮೇಲು. ಆದರೆ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಮತ್ತೆ ಬಣ್ಣಕ್ಕೆ ಮರಳಿ ಎಡವಿದ. ನಮ್ಮ ಸಾವನದುರ್ಗ, ರಾಮದೇವರ ಬೆಟ್ಟಗಳು ಕಥೆಯ ಮರಬಾರ್ ಗುಹೆಗಳಾಗಿ ಕಾಣುವ ಸಿನಿಮಾ ಅದು. ಮೈಗೆ ಕಂದು ಬಣ್ಣ ಬಳಿದುಕೊಂಡ ಆತನ ಪ್ರೊಫೆಸರ್ ಗೋಡ್ಬೋಲೆಯಲ್ಲಿ ನಮ್ಮವರು ಯಾರೂ ಕಾಣುವುದಿಲ್ಲ.

ಈಗ ನಿನ್ನ ಅಜ್ಜಿ ಪಾತ್ರ. ಕುಂಕುಮದ ಬೊಟ್ಟು, ಸುಕ್ಕು ಎಲ್ಲ ಕೊನೇ ವಾರಕ್ಕಿರಲಿ. ಅವಳಿಗೆ ನೋವು ಎಲ್ಲಿ ಅಂತ ಮೊದಲು ಗೊತ್ತು ಮಾಡಿಕೋ: ಮಂಡಿಯೋ, ಸೊಂಟವೋ, ಒಂದೇ ಕಡೆ. ಎಲ್ಲ ಕಡೆ ನೋವು ಇಟ್ಟರೆ ಅದು ನಾಟಕದ ಮುದುಕಿಯಾಗುತ್ತೆ. ಬಲಮಂಡಿ ನೋಯುತ್ತಿದ್ದರೆ ಮೆಟ್ಟಿಲು ಹತ್ತುವಾಗ ಎಡಗಾಲು ಮುಂದು, ಇಳಿಯುವಾಗ ಬಲಗಾಲು ಮುಂದು. ಏಳುವ ಮೊದಲೇ ಕೈ ಆಸರೆ ಹುಡುಕಿರಬೇಕು. ಅವಳು ಮೆಟ್ಟುವ ಚಪ್ಪಲಿಯನ್ನು ಮೊದಲ ತಾಲೀಮಿನಿಂದಲೇ ಮೆಟ್ಟಿಕೋ. ನಮ್ಮ ಮನೆ ಅಜ್ಜಿಯ ಹಳೇ ಹವಾಯಿ ಚಪ್ಪಲಿ ಅಟ್ಟದ ಮೇಲಿದೆ, ಭಾನುವಾರ ಬಂದಾಗ ತೆಗೆದುಕೊಂಡು ಹೋಗು.

ನಿನ್ನ
ಅಮ್ಮ