ಮಗಳಿಗೊಂದು ಪತ್ರ: ಬೋಗಾದಿಯ ನಿವೇಶನದ ಬಗ್ಗೆ

ಮೈಸೂರು

ಪ್ರೀತಿಯ ಪುಟ್ಟಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಪತ್ರಿಕೆಯಲ್ಲಿ ನನ್ನ ಹೆಸರು ಬಂದ ದಿನ ನೀನು ಫೋನು ಮಾಡಿ ‘ಊಟ ಆಯ್ತಾ ಅಪ್ಪ’ ಎಂದಷ್ಟೇ ಕೇಳಿದೆ. ನೀನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ.

ನಗರದ ಅಧಿಕಾರಿಯಾದ ನಾನು ಅಧಿಕಾರ ಬಳಸಿ ವಿವಾದದ ಜಾಗವನ್ನು ಅಗ್ಗಕ್ಕೆ ಬರೆಸಿಕೊಂಡೆ ಎಂಬುದು ಆರೋಪ. 2016ರಲ್ಲಿ ಕ್ರಯಪತ್ರ ನೋಂದಾಯಿಸುವ ಮುನ್ನವೇ, ಸರ್ಕಾರಿ ನೌಕರರ 1966ರ ನಡತೆ ನಿಯಮಗಳಂತೆ, ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿದ್ದೆ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಹೆಚ್ಚೇ ಕೊಟ್ಟೆ, ಅದೂ ಬ್ಯಾಂಕಿನ ಸಾಲದಿಂದ, ಚೆಕ್ಕಿನಲ್ಲಿ. ಆಗ ಬೋಗಾದಿ ಗ್ರಾಮ ಪಂಚಾಯಿತಿಗೆ ಸೇರಿತ್ತು. ಖಾತೆಯ ಕಡತ ನನ್ನ ಕಚೇರಿಯ ಮೆಟ್ಟಿಲನ್ನೇ ಹತ್ತಿಲ್ಲ. ವರದಿ ಬರೆದವರು ಇಷ್ಟನ್ನಾದರೂ ವಿಚಾರಿಸಬಹುದಿತ್ತು.

ಇನ್ನು ವಿವಾದ. ಅದು ಪಿತ್ರಾರ್ಜಿತ ಜಾಗ, ಮಾರಿದವರು ಇಬ್ಬರು ಅಣ್ಣತಮ್ಮಂದಿರು; ಅವರ ಅಕ್ಕನ ಸಹಿ ಪತ್ರದಲ್ಲಿಲ್ಲ. ಆಕೆಯ ಪಾಲಿನ ಪ್ರಶ್ನೆ ಈಗ ನ್ಯಾಯಾಲಯದಲ್ಲಿದೆ. ಆಕೆಯ ಮದುವೆ 1989ರಲ್ಲಿ ಆಗಿತ್ತು, ತಂದೆ ತೀರಿಕೊಂಡದ್ದು 2001ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 1994ರ ರಾಜ್ಯದ ತಿದ್ದುಪಡಿ ಅದಕ್ಕೂ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಸಮಪಾಲಿನ 2005ರ ಕೇಂದ್ರ ತಿದ್ದುಪಡಿಯೂ ಅದು ಜಾರಿಗೆ ಬರುವ ಮೊದಲೇ ತಂದೆ ತೀರಿಕೊಂಡಿದ್ದರೆ ಅನ್ವಯಿಸುವುದಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ವಕೀಲರು ಇದನ್ನೇ ನಂಬಿದರು, ನಾನೂ ನಂಬಿದೆ. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ ಬದುಕಿರಬೇಕಾದ್ದಿಲ್ಲ ಎಂದಿತು.

ಆದರೆ 2015ರ ತೀರ್ಪಿನ ಹಿಂದೆ ಅಡಗಲು ನನಗೆ ಮನಸ್ಸಿಲ್ಲ. ಹಳೆಯ ಕಾನೂನಿನಲ್ಲೂ ತಂದೆಯ ಪಾಲಿನೊಳಗೆ ಆಕೆಗೊಂದು ಸಣ್ಣ ಪಾಲಿತ್ತು. ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ಸಾಲುಸಾಲಾಗಿ ಓದಿದ ನಾನು ವಂಶವೃಕ್ಷವನ್ನು ಮಡಿಸಿ ಬದಿಗಿಟ್ಟೆ. ಋಣಭಾರ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳಷ್ಟೇ ಕಾಣುತ್ತವೆ, ಮನೆಯ ಮಗಳು ಕಾಣುವುದಿಲ್ಲ. ಇದನ್ನು ಊರಿಗೆಲ್ಲ ಹೇಳುತ್ತಿದ್ದವನೂ ನಾನೇ.

ಆಕೆಯ ಪಾಲಿನ ಹಣ ಕೊಡಲು ಸಿದ್ಧನೆಂದು ನ್ಯಾಯಾಲಯಕ್ಕೆ ಬರೆದುಕೊಟ್ಟಿದ್ದೇನೆ. ಅಧಿಕಾರ ದುರುಪಯೋಗದ ಮಾತನ್ನು ಮಾತ್ರ ಒಪ್ಪಲಾರೆ. ಪತ್ರಿಕೆಗೆ ಸ್ಪಷ್ಟನೆ ಕಳಿಸಿದ್ದೇನೆ, ಅಚ್ಚಾದರೆ ಅವರ ದೊಡ್ಡತನ. ದಾಖಲೆಗಳ ಜೆರಾಕ್ಸ್ ಲಕೋಟೆಯಲ್ಲಿವೆ. ವಂಶವೃಕ್ಷವನ್ನು ಮೊದಲು ಓದು.

ಇಂತಿ,
ನಿನ್ನ ಅಪ್ಪ