ವಾಚ್‌ಮನ್ ಒಬ್ಬ, ಬೋರ್ಡು ಒಂದು: ಕಪ್ಪಗಲ್ಲು ಗುಡ್ಡದ ಬಗ್ಗೆ ನಮ್ಮ ಜನಪ್ರತಿನಿಧಿಗಳಿಗೊಂದು ಬಹಿರಂಗ ಪತ್ರ

ಸರ್, ನಮಸ್ಕಾರ.

ಮೂರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಇವತ್ತು ನಾಲ್ಕು ಜನಕ್ಕೆ ಕಾಣೋ ಹಾಗೆ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಕಲ್ಕೆತ್ತನೆಗಳ ಹತ್ರ ಒಬ್ಬ ವಾಚ್‌ಮನ್, ದಾರಿ ತೋರಿಸೋಕೆ ಒಂದು ಬೋರ್ಡು. ಕೇಳ್ತಿರೋದು ಇಷ್ಟೇ.

ಹೋದ ತಿಂಗಳು ಬೆಂಗಳೂರಿಂದ ಅಕ್ಕನ ಮಕ್ಕಳು ಬಂದಿದ್ರು, "ಮಾಮ, ನಿಮ್ಮೂರಲ್ಲಿ ಕೋಟೆ ಬಿಟ್ರೆ ಏನಿದೆ" ಅಂದ್ರು, ಬನ್ನಿ ತೋರಿಸ್ತೀನಿ ಅಂತ ಬೆಳಗ್ಗೆ ಏಳಕ್ಕೇ ಹೊರಟೆ. ಹೋದ ದಾರೀಲಿ ಒಂದು ಬೋರ್ಡೂ ಕಾಣ್ಲಿಲ್ಲ, ದಾರಿ ತಪ್ಪಿ ಜಾಲಿ ಮುಳ್ಳಲ್ಲಿ ನುಗ್ಗಿ, ಸಣ್ಣವನ ಚಪ್ಪಲಿ ಕಿತ್ತೋಗಿ, ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂಡೆ ಹತ್ತೋಷ್ಟರಲ್ಲಿ ಹತ್ತೂವರೆ, ನೀರು ಖಾಲಿ. ಬಳ್ಳಾರಿ ಬಿಸಿಲು ನಿಮಗೆ ನಾನು ಹೇಳ್ಬೇಕಾ (ಎಸಿ ಕಾರಲ್ಲಿ ಗೊತ್ತಾಗಲ್ಲ ಬಿಡಿ).

ಆದ್ರೂ ಆ ಕರಿಕಲ್ಲಿನ ಸಾಲು ಕಂಡಿದ್ದೇ ತಡ, ಮಕ್ಕಳು ಎಲ್ಲಾ ಮರೆತ್ರು. ಉದ್ದ ಕೊಂಬಿನ, ಡುಬ್ಬದ ಎತ್ತುಗಳು, ಮನುಷ್ಯರ ಗೊಂಬೆಗಳು. ಕೆಲವು ಬಂಡೆ ತಟ್ಟಿದ್ರೆ ಗಂಟೆ ಥರ ಠಣ್ ಅನ್ನುತ್ತೆ, ಹಿಂದಿನವರು ತಟ್ಟಿ ತಟ್ಟಿ ಗುಳಿನೇ ಬಿದ್ದಿದೆ. ದೊಡ್ಡವಳು ನಾನೂ ತಟ್ತೀನಿ ಅಂದ್ಲು, ಬೇಡಮ್ಮ ಅಂದೆ. ಆಮೇಲೆ ಪಕ್ಕದ ಬಂಡೆ ನೋಡಿದ್ರೆ ದೊಡ್ಡ ಎತ್ತಿನ ಹೊಟ್ಟೆ ಮೇಲೆ ಬಿಳಿ ಆಯಿಲ್ ಪೇಂಟಲ್ಲಿ ಹಾರ್ಟು, ಒಳಗೆ ಎರಡು ಹೆಸರು. "ಮಾಮ, ಇದೂ ಹಳೇದಾ?" ಅಂತ ಕೇಳಿದ್ಲು ಸರ್. ಏನ್ ಹೇಳ್ಲಿ.

ಫೋಟೋ ತಗೊಂಡು ಸಂಬಂಧಪಟ್ಟ ಆಫೀಸಿಗೆ ಹೋದೆ. ಅಲ್ಲಿದ್ದವರು ಹಾರ್ಟು ಬಿಟ್ಟು ಎತ್ತಿನ ಮೇಲೆ ಬೆರಳಿಟ್ಟು "ಇದು ದನ ಕಾಯೋರು ಗೀಚಿರೋದು ಕಣ್ರೀ, ಇದಕ್ಕೆಲ್ಲಾ ಕಂಪ್ಲೇಂಟಾ" ಅಂದ್ರು. ಒಂದು ಲೆಕ್ಕಕ್ಕೆ ಕರೆಕ್ಟೇ, ದನ ಕಾಯೋರೇ ಗೀಚಿದ್ದು, ಆದ್ರೆ ಅದ್ರಲ್ಲಿ ಎಷ್ಟೋ ನವಶಿಲಾಯುಗದ, ಅಂದ್ರೆ ಸಾವಿರಾರು ವರ್ಷ ಹಿಂದಿನ ದನ ಕಾಯೋರದ್ದು!

1892ರಲ್ಲೇ ಬ್ರಿಟಿಷರು ಈ ಚಿತ್ರಗಳ ಬಗ್ಗೆ ಬರೆದು ಪ್ರಿಂಟ್ ಹಾಕಿಸಿದ್ರು. 2004ರಲ್ಲಿ ಹೊರದೇಶದ ಸಂಶೋಧಕರು ಕಲ್ಲು ಕ್ವಾರಿಯಿಂದ ಇವು ಹಾಳಾಗ್ತಿವೆ ಅಂತ ಎಚ್ಚರಿಸಿದ್ರು. ಅವರಿಗೆ ಇದ್ದ ಸಂಕಟ ನಮಗೆ ಬೇಡ್ವಾ? ಇಂಥ ಹಳೇ ಸ್ಮಾರಕಗಳನ್ನ ಕಾಪಾಡೋಕೆ ಅಂತಲೇ ಇರೋ ನಮ್ಮ ರಾಜ್ಯದ 1961ರ ಕಾಯ್ದೆ ನಿಮಗೆ ಗೊತ್ತೇ ಇರುತ್ತೆ, ನಾನು ಬಿಡಿಸಿ ಹೇಳೋಕೆ ಹೋಗಲ್ಲ. ಊರೊಳಗಿನ ಮ್ಯೂಸಿಯಂಗೆ ಬಾಗಿಲು ಬೀಗ ಎಲ್ಲಾ ಉಂಟು, ಗುಡ್ಡಕ್ಕೆ ಒಬ್ಬ ವಾಚ್‌ಮನ್ ಕೊಡಿ ಸರ್. ಒಬ್ಬನೇ ಒಬ್ಬ.

ಅವನ ಸಂಬಳಕ್ಕೆ ಫೈಲು ಓಡಾಡೋಕೆ ಇನ್ನೂ ಮೂರು ವರ್ಷ ಬೇಕು ಅಂದ್ರೆ ಬೋರ್ಡಾದ್ರೂ ಮೊದಲು ಹಾಕಿಸಿ. ಫ್ರೇಮಿಗೂ ಖರ್ಚಿಲ್ಲ, ನಿಮ್ಮ ಅಭಿಮಾನಿಗಳು ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸು ನಮ್ಮ ಬೀದಿ ತುದೀಲಿ ಇನ್ನೂ ನಿಂತಿದೆ, ಅದನ್ನೇ ಬಿಚ್ಚಿಕೊಡ್ತೀನಿ.

ಇತಿ,
ಬಳ್ಳಾರಿಯ ಒಬ್ಬ ಮೇಷ್ಟ್ರು